ಬೆಲುಂ ಗುಹೆಯೋ, ಬೊರ್ರಾ ಗುಹೆಯೋ? ಬಳ್ಳಾರಿಯಿಂದ ಹೊರಡುವವರಿಗೆ

ಬಳ್ಳಾರಿ ಸುತ್ತ ಇರೋದು ಗ್ರಾನೈಟ್ ಬಂಡೆ, ಇಲ್ಲ ಸಂಡೂರಿನ ಅದಿರು ಗುಡ್ಡ. ನೀರು ಕಲ್ಲನ್ನು ಕರಗಿಸಿ ಸುರಂಗ ಮಾಡಲು ಸುಣ್ಣಕಲ್ಲು ಬೇಕು. ಹಾಗಾಗಿ ನೆಲದಡಿಯ ಗುಹೆ ನೋಡಲು ನಾವು ಆಂಧ್ರದ ಕಡೆ ಹೊರಡುತ್ತೇವೆ. ನಂದ್ಯಾಲ ಜಿಲ್ಲೆಯ ಬೆಲುಂ, ಅರಕು ಹತ್ತಿರದ ಬೊರ್ರಾ, ಎರಡನ್ನೂ ಗೈಡ್ ಜೊತೆ ಸುತ್ತಿದ್ದೇನೆ. ನನ್ನ ಓಟು ಬೆಲುಂಗೆ.

ದೂರದ ಲೆಕ್ಕದಲ್ಲೂ ಅದೇ ಸಲೀಸು. ಗುಂತಕಲ್, ಗುತ್ತಿ, ತಾಡಿಪತ್ರಿ ದಾರಿ. ನಸುಕಿನಲ್ಲೇ ಕಾರು ಹತ್ತಿದರೆ ರಾತ್ರಿ ಊಟಕ್ಕೆ ಮನೆ. ಬೊರ್ರಾಕ್ಕೆ ವಿಶಾಖಪಟ್ಟಣದವರೆಗೆ ಹೋಗಿ, ಅಲ್ಲಿಂದ ಮತ್ತೆ ಸುಮಾರು 90 ಕಿಲೋಮೀಟರ್ ಘಾಟಿ ದಾರಿ. ಅರಕು ಪ್ರವಾಸದ ಜೊತೆ ಸೇರಿಸಿಕೊಂಡರೆ ಸರಿ, ಅದೊಂದಕ್ಕೇ ಅಂದ್ರೆ ಖರ್ಚು ಜಾಸ್ತಿ.

ಬೊರ್ರಾದ ಬಾಯಿ ದೊಡ್ಡದು. ಕಾಲಿಟ್ಟ ಕೂಡಲೇ ಎತ್ತರದ ಚಾವಣಿ, ದೀಪಗಳು, ಮೇಲಿಂದ ಇಳಿಬಿದ್ದ ಸುಣ್ಣದ ಕೋಲುಗಳು. ಇದು ಶಿವಲಿಂಗ, ಅದು ಕಾಮಧೇನು ಅಂತ ಗೈಡ್ ಟಾರ್ಚ್ ಬಿಡುತ್ತಾ ಹೋದರು. ಸ್ವಲ್ಪ ಹೊತ್ತಿಗೇ ನನಗೆ ಸಾಕಾಯಿತು. ಕಣ್ಣಿಗೇ ಕಾಣುತ್ತಲ್ವಾ? ತಲೆಯ ಮೇಲೆ ಕೊತ್ತವಲಸ–ಕಿರಂದುಲ್ ರೈಲು ಹಳಿ ಹೋಗುತ್ತದೆ ಅನ್ನೋದು ಮಾತ್ರ ಅವರು ಹೇಳಿದ್ದಕ್ಕೇ ಗೊತ್ತಾಯಿತು.

ಬೆಲುಂನಲ್ಲಿ ಮೇಲೆ ಬರೀ ಬಯಲು. ಬಾವಿಯಂಥ ಗುಂಡಿಗೆ ಮೆಟ್ಟಿಲಿಳಿದರೆ ಗುಹೆ ಶುರು. ಒಟ್ಟು ಉದ್ದ 3,229 ಮೀಟರ್, ಜನರಿಗೆ ಬಿಡುವುದು ಸುಮಾರು ಒಂದೂವರೆ ಕಿಲೋಮೀಟರ್. ಗೈಡ್ ಇಲ್ಲದೆಯೂ ಒಮ್ಮೆ ಇಳಿದಿದ್ದೆ. ಆಗ ಕಂಡದ್ದು ದೀಪದ ಓಣಿಗಳು, ಸುರಿಯುವ ಬೆವರು, ಅಷ್ಟೇ. ಗೈಡ್ ಬಂದಾಗ ಗೋಡೆಗಳೇ ಬೇರೆ ಥರ ಕಂಡವು. ನುಣುಪಾದ ಈ ತಿರುವುಗಳಲ್ಲಿ ಒಂದು ಕಾಲಕ್ಕೆ ನೀರು ಹರಿಯುತ್ತಿತ್ತು ಅಂತ ಬೆರಳಿಟ್ಟು ತೋರಿಸಿದರು. ಸಪ್ತಸ್ವರಗಳ ಗುಹೆಯಲ್ಲಿ ಕಲ್ಲನ್ನು ಬೆರಳ ಗೆಣ್ಣಿನಿಂದ ತಟ್ಟಿದರು, ಒಂದೊಂದು ಕಡೆ ಒಂದೊಂದು ನಾದ. ಕೊನೆಗೆ ಪಾತಾಳಗಂಗೆ ಅನ್ನೋ ನೆಲದಡಿಯ ತೊರೆ, 46 ಮೀಟರ್ ಆಳದಲ್ಲಿ. ವಿವರಣೆಯೆಲ್ಲ ತೆಲುಗಿನಲ್ಲಿ. ಬಳ್ಳಾರಿಯವರಿಗೆ ಅದೇನು ಕಷ್ಟ ಬಿಡಿ!

1884ರಲ್ಲಿ ಬೆಲುಂ ಗುಹೆಯನ್ನು ದಾಖಲಿಸಿದ ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ನಮಗೆ ಹೊಸಬರಲ್ಲ. ಬಳ್ಳಾರಿ ಪಕ್ಕದ ಸಂಗನಕಲ್ಲಿನ ಶಿಲಾಯುಗದ ನೆಲೆಯನ್ನು ಗುರುತಿಸಿದವರೂ ಅವರೇ. ಬಳ್ಳಾರಿಯ ಮ್ಯೂಸಿಯಂಗೆ ಅವರದೇ ಹೆಸರು. ಹೋಗುವ ಮುಂಚೆ ಅದನ್ನೂ ಒಮ್ಮೆ ನೋಡಿ.

ಬೆಲುಂ ಒಳಗೆ ಗಾಳಿ ಬಿಡುವ ಯಂತ್ರಗಳಿದ್ದರೂ ಸೆಕೆ ತಪ್ಪಲ್ಲ. ಉಸಿರಾಟದ ತೊಂದರೆ ಇರುವ ಹಿರಿಯರಿದ್ದರೆ ಬೊರ್ರಾವೇ ವಾಸಿ, ಮೆಟ್ಟಿಲು ಜಾಸ್ತಿ ಇದ್ದರೂ. ಬೆಲುಂನಲ್ಲಿ ದೊಡ್ಡ ಗುಂಪಿನ ಜೊತೆ ಮಾತ್ರ ಸೇರಬೇಡಿ. ಇಕ್ಕಟ್ಟಿನ ಜಾಗದಲ್ಲಿ ಹಿಂದಿದ್ದವರಿಗೆ ಗೈಡ್ ಮಾತು ಒಂದೂ ಕೇಳಿಸಲ್ಲ.