ಬ್ಯಾಶ್ ಸ್ಕ್ರಿಪ್ಟಿನೊಳಗೆ ಪೈಥಾನ್: ಹಲವು ಸೀಸನ್ ಬಳಸಿದ ಮೇಲೆ

ದಾವಣಗೆರೆ ಎಪಿಎಂಸಿಯ ದಲ್ಲಾಳಿ ಅಂಗಡಿಯೊಂದರ ಕಂಪ್ಯೂಟರ್ ಲೆಕ್ಕ ನನ್ನ ಜವಾಬ್ದಾರಿ. ಸಂಜೆ ವೇಬ್ರಿಡ್ಜ್‌ನಿಂದ (ಗಾಡಿ ತೂಗುವ ಕಾಟಾ) ಸಿಎಸ್‌ವಿ ಫೈಲ್, ಅಂದರೆ ಖಾನೆಗಳ ನಡುವೆ ಕಾಮಾ ಇರುವ ಪಠ್ಯದ ಫೈಲ್, ಬರುತ್ತದೆ. ಅದನ್ನು ಒಂದು ಬ್ಯಾಶ್ ಸ್ಕ್ರಿಪ್ಟ್ (ಕಂಪ್ಯೂಟರಿಗೆ ಕೊಡುವ ಕಮಾಂಡ್ ಸಾಲಾಗಿ ಬರೆದಿಟ್ಟ ಫೈಲ್) ಎತ್ತಿಕೊಂಡು ರೈತರ ಪಟ್ಟಿ ತಯಾರಿಸಿ, ಪ್ರಿಂಟರಿಗೆ ಕಳಿಸಿ, ಬ್ಯಾಕಪ್ ಇಡುತ್ತದೆ. ಲೆಕ್ಕದ ಭಾಗ ಮಾತ್ರ ಅದೇ ಸ್ಕ್ರಿಪ್ಟಿನ ಮಧ್ಯೆ, ಹಿಯರ್‌ಡಾಕ್ ಒಳಗೆ (ಒಂದು ಗುರುತುಪದದಿಂದ ಅದೇ ಪದ ಮತ್ತೆ ಬರುವವರೆಗಿನ ಸಾಲುಗಳನ್ನು ಬೇರೆ ಪ್ರೋಗ್ರಾಮಿಗೆ ಕೊಡುವ ಬ್ಯಾಶ್ ವಿಧಾನ), ಪೈಥಾನ್ ಭಾಷೆಯಲ್ಲಿದೆ.

ಪೈಥಾನ್ ಬೇಕೇ ಬೇಕಾಯಿತು. ಬ್ಯಾಶ್‌ಗೆ ಪೂರ್ಣಾಂಕ ಬಿಟ್ಟರೆ ಬೇರೆ ಲೆಕ್ಕ ಬರುವುದಿಲ್ಲ, 37.45 ಕ್ವಿಂಟಲ್ ಮೆಕ್ಕೆಜೋಳವನ್ನು ದರಕ್ಕೆ ಗುಣಿಸು ಅಂದರೆ ಎರರ್ ಕೊಟ್ಟು ನಿಲ್ಲುತ್ತದೆ. ಖಾನೆಗಳನ್ನು ಬಿಡಿಸಿ ಓದುವ ಆಕ್ (awk) ಎಂಬ ಕಮಾಂಡ್ ಗುಣಿಸುತ್ತದೆ, ಆದರೆ ರೈತರ ಹೆಸರು, ಊರು ಎರಡೂ ಒಂದೇ ಖಾನೆಯಲ್ಲಿ ನಡುವೆ ಕಾಮಾ ಹಾಕಿಕೊಂಡು ಬಂದರೆ ಮುಂದಿನ ಖಾನೆಗಳೆಲ್ಲ ಜರುಗಿಬಿಡುತ್ತವೆ. ಪೈಥಾನಿನ ಸಿಎಸ್‌ವಿ ಮಾಡ್ಯೂಲ್ ಇದನ್ನು ಸರಿಯಾಗಿ ಓದುತ್ತದೆ, ಡೆಸಿಮಲ್ ಮಾಡ್ಯೂಲ್ ಪೈಸೆಯನ್ನೂ ಬಿಡುವುದಿಲ್ಲ.

ಕನ್ನಡದಲ್ಲಿ ಪ್ರಿಂಟ್ ಮಾಡುವವರಿಗೆ ಇನ್ನೊಂದು ಲಾಭವಿದೆ. ಸಾಲುಗಳನ್ನು ಜೋಡಿಸಿ ಬರೆಯುವ ಬ್ಯಾಶ್‌ನ ಪ್ರಿಂಟ್‌ಎಫ್ (printf) ಕಮಾಂಡ್ ಕಾಲಮ್ಮಿನ ಅಗಲವನ್ನು ಬೈಟ್ ಲೆಕ್ಕದಲ್ಲಿ ಅಳೆಯುತ್ತದೆ. ‘ದಾವಣಗೆರೆ’ ಕಣ್ಣಿಗೆ 5 ಅಕ್ಷರ, ಯೂನಿಕೋಡಿನಲ್ಲಿ ಕಾಗುಣಿತದ ಚಿಹ್ನೆಗಳೂ ಸೇರಿ 8, ಫೈಲಿನಲ್ಲಿ ಉಳಿಸುವ ಯುಟಿಎಫ್-8 ಬೈಟ್‌ಗಳಲ್ಲಿ 24. ಹಾಗಾಗಿ ತೂಕದ ಅಂಕಿ ಒಂದೊಂದು ಸಾಲಿನಲ್ಲಿ ಒಂದೊಂದು ಕಡೆ ಕೂರುತ್ತಿತ್ತು. ಪೈಥಾನಿನಲ್ಲಿ ಕಾಗುಣಿತದ ಚಿಹ್ನೆಗಳನ್ನು ಬಿಟ್ಟು ಎಣಿಸಬಹುದು. ಒತ್ತಕ್ಷರ ಇರುವ ಹೆಸರುಗಳು ಈಗಲೂ ಸ್ವಲ್ಪ ಆಚೀಚೆ ಆಗುತ್ತವೆ, ಆದರೂ ಪಟ್ಟಿ ಓದುವ ಹಾಗಿದೆ.

ಇದನ್ನು ಬಳಸುವವರು ಒಂದು ವಿಷಯ ಗಟ್ಟಿಯಾಗಿ ಹಿಡಿದುಕೊಳ್ಳಬೇಕು: << ಆದ ಮೇಲಿನ ಗುರುತುಪದಕ್ಕೆ ಕೋಟ್ ಹಾಕಲೇಬೇಕು. ನಾನು <<'ಮುಗೀತು' ಅಂತ ಬರೆಯುತ್ತೇನೆ, ಕನ್ನಡ ಪದವೂ ನಡೆಯುತ್ತದೆ. ಕೋಟ್ ಇಲ್ಲದಿದ್ದರೆ ಒಳಗಿನ ಡಾಲರ್ ಚಿಹ್ನೆ, ಬ್ಯಾಕ್‌ಟಿಕ್ ಎಲ್ಲವನ್ನೂ ಬ್ಯಾಶ್ ತನ್ನದೆಂದು ತಿಳಿದು, ಪೈಥಾನಿಗೆ ತಲುಪುವ ಮೊದಲೇ ಬದಲಿಸಿಬಿಡುತ್ತದೆ. ಫೈಲಿನ ಹೆಸರು, ದರ ಇಂಥವನ್ನು ಪೈಥಾನಿಗೆ ಆರ್ಗ್ಯುಮೆಂಟ್ ಆಗಿ (ಪೈಥಾನ್ ಕಮಾಂಡಿನ ಸಾಲಿನಲ್ಲೇ ಬರೆದು) ಕೊಡಿ. ಕೋಡಿನ ಮಧ್ಯೆ ತುರುಕಿದರೆ ಯಾವುದೋ ಹೆಸರಿನಲ್ಲಿರುವ ಒಂದು ಕೋಟ್ ಚಿಹ್ನೆ ಸಾಕು, ಇಡೀ ಕೋಡ್ ಮುರಿಯಲು.

ಕಿರಿಕಿರಿಗಳೂ ಇವೆ. ಹಿಯರ್‌ಡಾಕ್ ಪೈಥಾನಿನ ಸ್ಟ್ಯಾಂಡರ್ಡ್ ಇನ್‌ಪುಟ್ಟನ್ನೇ (ಪ್ರೋಗ್ರಾಮಿಗೆ ಡೇಟಾ ಬರುವ ಮಾಮೂಲಿ ದಾರಿ) ಹಿಡಿದುಕೊಳ್ಳುವುದರಿಂದ ಪೈಪ್ ಮೂಲಕ, ಅಂದರೆ ಇನ್ನೊಂದು ಕಮಾಂಡಿನಿಂದ ನೇರವಾಗಿ, ಡೇಟಾ ಕಳಿಸಲು ಆಗುವುದಿಲ್ಲ. ಫೈಲಾಗಿಯೇ ಕೊಡಬೇಕು, ಇಲ್ಲವೇ ಕೋಡನ್ನು 3ನೇ ಫೈಲ್ ಡಿಸ್ಕ್ರಿಪ್ಟರ್ (ಪ್ರೋಗ್ರಾಮ್ ಓದುವ ಇನ್ನೊಂದು ದಾರಿ) ಮೂಲಕ ಓದಿಸಬೇಕು. ಎರರ್ ಬಂದಾಗ ತೋರಿಸುವ ಸಾಲಿನ ಸಂಖ್ಯೆ ಪೈಥಾನ್ ತುಂಡಿನದು, ಸ್ಕ್ರಿಪ್ಟಿನದಲ್ಲ. <<- ಬರೆದರೆ ಸಾಲಿನ ಆರಂಭದ ಟ್ಯಾಬ್ ಮಾತ್ರ ಹೋಗುತ್ತದೆ, ಸ್ಪೇಸ್ ಹೋಗುವುದಿಲ್ಲ. ಇಂಡೆಂಟೇಶನ್ ಮೇಲೆಯೇ ನಿಂತ ಪೈಥಾನಿಗೆ ಇದು ಸಣ್ಣ ವಿಷಯವಲ್ಲ. ಬ್ಯಾಶ್ ಸ್ಕ್ರಿಪ್ಟಿನ ತಪ್ಪು ಹುಡುಕುವ ಶೆಲ್‌ಚೆಕ್ ಕೂಡ ಒಳಗಿನ ಪೈಥಾನನ್ನು ಪರಿಶೀಲಿಸುವುದಿಲ್ಲ.

ನನ್ನ ಅಂಕ ಐದಕ್ಕೆ ನಾಲ್ಕು. ಒಂದೇ ಫೈಲ್ ಕಾಪಿ ಮಾಡಿದರೆ ಇನ್ನೊಂದು ಮಷೀನಿನಲ್ಲೂ ಕೆಲಸ ಶುರು, ಮೆಕ್ಕೆಜೋಳದ ಸೀಸನ್ನಿನ ಗಡಿಬಿಡಿಯಲ್ಲಿ ಇದು ದೊಡ್ಡ ಅನುಕೂಲ. ಪೈಥಾನ್ ಭಾಗ ಒಂದು ಪರದೆ ದಾಟಿದರೆ ಬೇರೆ ಫೈಲ್ ಮಾಡಿ. ಲೂಪಿನೊಳಗಂತೂ ಇಡಬೇಡಿ, ಪ್ರತಿ ಸುತ್ತಿಗೂ ಪೈಥಾನ್ ಹೊಸದಾಗಿ ಶುರುವಾಗಬೇಕಾಗುತ್ತದೆ.