ಮೂರು ಕೀರ್ತನೆ, ಮೂರು ದಾರಿ: ಸಂಡೇಸ್ಕೂಲಿನಲ್ಲಿ ಆ್ಯಪ್, ಪುಸ್ತಕ, ಧ್ವನಿ

ಧಾರವಾಡದ ನಮ್ಮ ಕ್ರೈಸ್ತ ಸಭೆಯ ಸಂಡೇಸ್ಕೂಲಿನಲ್ಲಿ ಒಂಬತ್ತರಿಂದ ಹದಿಮೂರು ವರ್ಷದ ಮಕ್ಕಳಿಗೆ ನಾನು ಪಾಠ ಹೇಳುತ್ತೇನೆ. 2020ರ ಲಾಕ್‌ಡೌನಿನಲ್ಲಿ ಪಾಠ ಫೋನಿಗೆ ಹೋಯಿತು. ಚರ್ಚಿನ ಬಾಗಿಲು ತೆರೆದ ಮೇಲೆ ಮಕ್ಕಳು ಮರಳಿ ಬಂದರು, ಜೊತೆಗೆ ಫೋನೂ ಬಂತು. ಬೈಬಲ್ ಹಿಡಿದು ಬರುವವರು ಕಡಿಮೆಯಾದರು. ಫೋನೇ ಬೇಡ ಎಂದು ಕೆಲವು ಹಿರಿಯರು, ಕಾಲ ಬದಲಾಗಿದೆ ಎಂದು ಇನ್ನು ಕೆಲವರು. ವಾದ ಮಾಡುವ ಬದಲು ಮಾಡಿ ನೋಡೋಣ ಎಂದು ಬೈಬಲಿನ ಕೀರ್ತನೆಗಳ ಪುಸ್ತಕದಿಂದ ಮೂರು ಕೀರ್ತನೆಗಳನ್ನು ಮೂರು ರೀತಿಯಲ್ಲಿ ಬಾಯಿಪಾಠ ಮಾಡಿಸಿದೆ, ಒಂದೊಂದಕ್ಕೆ ಐದು ಭಾನುವಾರ. 23ನೆಯದು ಫೋನಿನ ಬೈಬಲ್ ಆ್ಯಪ್‌ನಲ್ಲಿ, 1ನೆಯದು ಅಚ್ಚಿನ ಸತ್ಯವೇದದಲ್ಲಿ (ಕನ್ನಡ ಬೈಬಲ್), 121ನೆಯದು ಬರೀ ಕೇಳಿಸಿಕೊಂಡು. ಮೊದಲೆರಡರಲ್ಲಿ ಆರಾರು ವಚನ (ಸಂಖ್ಯೆ ಹಾಕಿದ ಸಾಲು), ಕೊನೆಯದರಲ್ಲಿ ಎಂಟು.

ಆ್ಯಪ್‌ನ ಮೊದಲ ಭಾನುವಾರವೇ ಎಲ್ಲರೂ ಒಟ್ಟಿಗೆ ಓದುವಾಗ ದನಿಗಳು ಒಂದಕ್ಕೊಂದು ಡಿಕ್ಕಿ ಹೊಡೆದವು. ಅರ್ಧ ಮಕ್ಕಳು ‘ಕೊರತೆಪಡೆನು’ ಎಂದರೆ ಉಳಿದವರ ಬಾಯಲ್ಲಿ ಬೇರೆ ಮಾತು. "ಟೀಚರ್, ನನ್ನ ಫೋನಿನ್ಯಾಗ ಹಂಗಿಲ್ರಿ" ಅಂದಳು ಒಬ್ಬಳು. ಆ್ಯಪ್‌ನಲ್ಲಿ ಕನ್ನಡದ ಹಲವು ಅನುವಾದಗಳಿರುತ್ತವೆ, ಯಾರಿಗೆ ಯಾವುದು ಮೊದಲು ಕಂಡಿತೋ ಅದನ್ನೇ ತೆರೆದಿದ್ದರು. ಮುಂದಿನ ವಾರ ಎಲ್ಲರಿಗೂ ಒಂದೇ ಅನುವಾದ ಇಳಿಸಿಕೊಟ್ಟೆ. ಒಮ್ಮೆ ಇಳಿಸಿಕೊಂಡರೆ ಓದಲು ಇಂಟರ್ನೆಟ್ ಬೇಡ, ಆದ್ದರಿಂದ ಏರ್‌ಪ್ಲೇನ್ ಮೋಡ್ ಹಾಕಿಸಿದೆ. ಆಂಡ್ರಾಯ್ಡ್ ಫೋನಿನಲ್ಲಿ ಒಂದೇ ಆ್ಯಪ್ ತೆರೆದಿರುವಂತೆ ಪಿನ್ ಮಾಡುವ ಸೌಲಭ್ಯವನ್ನೂ ಬಳಸಿದೆ. ತರಗತಿ ಶಾಂತವಾಯಿತು.

ಆದರೆ ಕಷ್ಟ ಇದ್ದದ್ದು ಮನೆಯಲ್ಲಿ. ನಮ್ಮ ಮಕ್ಕಳಲ್ಲಿ ಹೆಚ್ಚಿನವರಿಗೆ ಸ್ವಂತ ಫೋನಿಲ್ಲ. ಅಪ್ಪ ಕೆಲಸದಿಂದ ಬಂದು ಊಟ ಮುಗಿಸಿದ ಮೇಲೆ ಸಿಗುವ ಅರ್ಧ ಗಂಟೆ ಅದು. "ವಚನ ಓದ್ತೇನಿ" ಎಂದು ಇಸಿದುಕೊಂಡ ಫೋನು ಎರಡೇ ನಿಮಿಷದಲ್ಲಿ ರೀಲ್ಸ್‌ಗೆ ಹೊರಳುತ್ತಿತ್ತೆಂದು ತಾಯಂದಿರೇ ಹೇಳಿದರು. ಇನ್ನೊಬ್ಬ ಹುಡುಗ ದಿನವೂ ತಪ್ಪದೆ ಆ್ಯಪ್ ತೆರೆಯುತ್ತಿದ್ದ. ಸಂತೋಷಪಟ್ಟು ಕೇಳಿದರೆ, ಸತತವಾಗಿ ಎಷ್ಟು ದಿನ ತೆರೆದೆ ಎಂಬ ಲೆಕ್ಕ ಮುರಿಯಬಾರದೆಂದು ತೆರೆದು ಮುಚ್ಚುತ್ತಿದ್ದನಂತೆ. ನನಗೆ ನಿಜಕ್ಕೂ ಸಂಕಟವಾಯಿತು. ಆ ಮಗು ಮೋಸ ಮಾಡಿರಲಿಲ್ಲ, ತೋರಿಸಿದ ಅಂಕಿಯನ್ನು ನಂಬಿದ್ದ.

ಹೀಗಿದ್ದೂ 23ನೆಯ ಕೀರ್ತನೆ ಎಲ್ಲರಿಗೂ ಬಂತು. ಅದರ ಶ್ರೇಯವನ್ನು ಆ್ಯಪ್‌ಗೆ ಪೂರ್ತಿ ಕೊಡಲಾರೆ. ಮನೆಯ ಪ್ರಾರ್ಥನೆಯಲ್ಲಿ, ಸಾವಿನ ಮನೆಯಲ್ಲಿ ಕೇಳಿ ಕೇಳಿ ಅರ್ಧ ಮೊದಲೇ ಬರುತ್ತಿತ್ತು.

ಪುಸ್ತಕದ ಐದು ವಾರ ನಿಧಾನವಾಗಿ ಸಾಗಿದವು. ಇಂಗ್ಲಿಷ್ ಮೀಡಿಯಂ ಮಕ್ಕಳು ಒತ್ತಕ್ಷರ ಬಂದಲ್ಲೆಲ್ಲ ನಿಲ್ಲುತ್ತಿದ್ದರು. ಹಾಗೆ ನಿಂತದ್ದೇ ಒಳ್ಳೆಯದಾಯಿತು ಎಂದು ಆಮೇಲೆ ಅನಿಸಿತು. ಮೊದಲನೆಯ ವಚನದಲ್ಲಿ ನಡೆಯುವುದು, ನಿಲ್ಲುವುದು, ಕೂರುವುದು ಎಂದು ಮೂರು ಕ್ರಿಯೆಗಳಿವೆ. ಪೆನ್ಸಿಲಿನಿಂದ ಮೂರಕ್ಕೂ ಗೆರೆ ಎಳೆಸಿದೆ. ಕೆಟ್ಟ ಸಹವಾಸದ ದಾರಿಯಲ್ಲಿ ಹೋಗುತ್ತಿದ್ದವನು ಮೊದಲು ನಿಲ್ಲುತ್ತಾನೆ, ಕೊನೆಗೆ ಕೂತೇಬಿಡುತ್ತಾನೆ ಎಂಬುದನ್ನು ಒಬ್ಬ ಹುಡುಗಿ ತಾನಾಗಿ ಕಂಡುಕೊಂಡಳು. ವಚನ ಹುಡುಕುವ ಸ್ಪರ್ಧೆಯಲ್ಲೂ ವ್ಯತ್ಯಾಸ ಕಂಡಿತು. ಹಬಕ್ಕೂಕ ಬೈಬಲಿನೊಳಗಿನ ಒಂದು ಚಿಕ್ಕ ಪುಸ್ತಕ; ಆ್ಯಪ್‌ನಲ್ಲಿ ಹಬಕ್ಕೂಕ ಎಂದು ಒತ್ತಿದರೆ ಹಬಕ್ಕೂಕ. ಪುಸ್ತಕದಲ್ಲಾದರೆ ಮೀಕ, ನಹೂಮ ದಾಟಿ ಹೋಗಬೇಕು, ತಪ್ಪಿದರೆ ಚೆಫನ್ಯನ ಮನೆಗೆ ಹೋಗಿ ಹಿಂದಿರುಗಬೇಕು. ಬೈಬಲಿನ 66 ಪುಸ್ತಕಗಳ ನೆರೆಹೊರೆ ಹೀಗೆ ಬೆರಳಿಗೆ ಪರಿಚಯವಾಗುತ್ತದೆ.

ಧ್ವನಿಯ ಬಗ್ಗೆ ನನಗೆ ಅಷ್ಟು ನಿರೀಕ್ಷೆ ಇರಲಿಲ್ಲ. ಸಭೆಯಲ್ಲಿ ಚೆನ್ನಾಗಿ ಓದುವ ಹಿರಿಯರೊಬ್ಬರಿಂದ ಅಚ್ಚಿನ ಸತ್ಯವೇದ ನೋಡಿಯೇ 121ನೆಯ ಕೀರ್ತನೆ ಓದಿಸಿ ರೆಕಾರ್ಡ್ ಮಾಡಿದೆ. ಎರಡು ನಿಮಿಷವೂ ಇಲ್ಲ. ತಾಯಂದಿರ ವಾಟ್ಸಾಪ್‌ಗೆ ಕಳಿಸಿ, "ಅಡುಗೆ ಮಾಡುವಾಗ ಹಚ್ಚಿಡ್ರಿ, ಫೋನು ಮಕ್ಕಳ ಕೈಗೆ ಕೊಡಬ್ಯಾಡ್ರಿ" ಎಂದೆ. ಎಂಟು ವಚನ ಮೂರನೆಯ ಭಾನುವಾರಕ್ಕೇ ಬಂದವು. ಹಿರಿಯರು ಉಸಿರು ತೆಗೆದುಕೊಂಡ ಜಾಗದಲ್ಲೇ ಮಕ್ಕಳೂ ಉಸಿರು ತೆಗೆದುಕೊಂಡರು! ಕನ್ನಡ ಓದಲು ಹೆದರುವವರೇ ಎಲ್ಲರಿಗಿಂತ ಚೆನ್ನಾಗಿ ಹೇಳಿದರು. ಒಂದು ಕೊರತೆ ಮಾತ್ರ ದೊಡ್ಡದು: ಅದು ಬೈಬಲ್‌ನಲ್ಲಿ ಎಲ್ಲಿದೆ ತೋರಿಸು ಎಂದರೆ ಇಬ್ಬರು ಕೀರ್ತನೆಗಳ ಬದಲು ಜ್ಞಾನೋಕ್ತಿಗಳ ಪುಸ್ತಕವನ್ನು ತೆರೆದರು.

ಹಾಗಾಗಿ ಈಗ ನಮ್ಮ ಕ್ರಮ ಹೀಗಿದೆ. ಮನೆಯಲ್ಲಿ ಧ್ವನಿ, ತರಗತಿಯಲ್ಲಿ ಪುಸ್ತಕ, ಆ್ಯಪ್ ನನ್ನ ಕೈಯಲ್ಲಿ. ಪಾಠದ ತಯಾರಿಗೆ ಅದರಷ್ಟು ಒಳ್ಳೆಯದು ಬೇರೆ ಕಾಣೆ. ‘ಕುರುಬ’ ಎಂದು ಹುಡುಕಿದರೆ ಬೈಬಲಿನ ಮೊದಲ ಪುಸ್ತಕ ಆದಿಕಾಂಡದಿಂದ ಯೋಹಾನನ ಸುವಾರ್ತೆಯ 10ನೆಯ ಅಧ್ಯಾಯದವರೆಗೆ ಎಲ್ಲ ಕಣ್ಣ ಮುಂದೆ ಬರುತ್ತದೆ, ಅನುವಾದಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ಫೋನೇ ಬೇಡ ಎನ್ನುವ ಹಿರಿಯರಿಗೆ ನಾನು ಹೇಳುವುದಿಷ್ಟು: ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರತಂದಾಗ ಅದನ್ನು ಅಚ್ಚುಹಾಕಿದ ಕಲ್ಲಚ್ಚೂ (ಕಲ್ಲಿನ ಮೇಲೆ ಬರೆದು ಅಚ್ಚೊತ್ತುವ ವಿಧಾನ) ಜನರಿಗೆ ಹೊಸದೇ ಆಗಿತ್ತು. ಬಾಗಿಲ ಬಳಿ ಒಂದು ಬುಟ್ಟಿ ಇಟ್ಟಿದ್ದೇವೆ, ಅದರಲ್ಲಿ ಮೊದಲು ಬೀಳುವುದು ಟೀಚರ್‌ಗಳ ಫೋನು. ವಾಟ್ಸಾಪ್ ಗುಂಪಿನಲ್ಲಿ ಪೋಷಕರ ನಂಬರು ಮಾತ್ರ, ಮಕ್ಕಳ ಫೋಟೊ ಹಾಕುವುದಿಲ್ಲ. 2023ರ ದತ್ತಾಂಶ ರಕ್ಷಣೆ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಸಭೆಗೆ ಕಾಯ್ದೆಯ ಮಾತು ಯಾಕೆ ಎಂದು ಕೇಳಿದವರಿದ್ದಾರೆ. ಮಕ್ಕಳನ್ನು ನಂಬಿ ನಮ್ಮ ಕೈಗೆ ಕೊಟ್ಟವರಿಗೆ ಕಾಯ್ದೆ ಹೇಳುವುದಕ್ಕಿಂತ ಹೆಚ್ಚೇ ನಾವು ಮಾಡಬೇಕು.

121ನೆಯ ಕೀರ್ತನೆಯನ್ನು ಒಪ್ಪಿಸುವ ದಿನ ಒಬ್ಬ ಹುಡುಗಿಯ ಜೊತೆ ಅವಳ ಅಜ್ಜಿಯೂ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಅವರಿಗೆ ಓದು ಬರದು. ಮೊಮ್ಮಗಳು ನಾಲ್ಕನೆಯ ವಚನದಲ್ಲಿ ತಡವರಿಸಿದಾಗ ಹಿಂದಿನಿಂದ ಅಜ್ಜಿಯ ದನಿ ಬಂತು, ಎಂಟನೆಯ ವಚನದವರೆಗೂ ನಿಲ್ಲಲಿಲ್ಲ. ಮುಂದಿನದು 100ನೆಯ ಕೀರ್ತನೆ, ಐದೇ ವಚನ. ಮೊಮ್ಮಗಳು ಪುಸ್ತಕ ನೋಡಿ ಓದುತ್ತಾಳೆ, ಅಜ್ಜಿ ಸಾಲುಸಾಲಾಗಿ ಹೇಳುತ್ತಾರೆ. ಶನಿವಾರ ಸಂಜೆ ರೆಕಾರ್ಡ್ ಮಾಡಲು ಅವರ ಮನೆಗೆ ಹೋಗುತ್ತಿದ್ದೇನೆ.