ಕ್ಲಚ್ ಪೆಡಲ್ ಗಟ್ಟಿಯಾಗಿದೆ ಎಂದಮಾತ್ರಕ್ಕೆ ಕ್ಲಚ್ ಬಿಡುತ್ತಿದೆ ಎಂದು ನಂಬಬೇಡಿ

ತಿಂಗಳುಗಟ್ಟಲೆ ನಿಂತಿದ್ದ ಎಂಜಿಬಿ ಎಂಬ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರನ್ನು ಮತ್ತೆ ರಸ್ತೆಗಿಳಿಸುವವರು, ಅಥವಾ ಅಂಥದ್ದನ್ನು ಕೊಳ್ಳಲು ಹೊರಟವರು, ನಾನು ಮಾಡಿದ ತಪ್ಪುಗಳನ್ನು ಮಾಡದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಆರು ವಾರ, 700 ಪೌಂಡಿಗೂ ಮಿಕ್ಕಿದ ಹಣ ಮತ್ತು ಒಂದು ಹೆಡ್‌ಲೈಟನ್ನು ಕಳೆದುಕೊಂಡ ಮೇಲೆ ನನಗೆ ಅರ್ಥವಾದದ್ದೆಂದರೆ, ಕಾರಿನಲ್ಲಿ ಮೊದಲಿಗೆ ಇದ್ದದ್ದು ಎರಡು ದೋಷಗಳು, ಮೂರನೆಯದನ್ನು ತಂದಿಟ್ಟವನು ನಾನೇ.

ನಾನಿರುವುದು ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿ. ಎಂಜಿಬಿ ತಯಾರಾಗುತ್ತಿದ್ದ, 1980ರಲ್ಲಿ ಮುಚ್ಚಿಹೋದ ಕಾರ್ಖಾನೆ ಇದ್ದದ್ದು ಇಲ್ಲಿಗೆ ಹತ್ತಿರದ ಆ್ಯಬಿಂಗ್ಡನ್ನಿನಲ್ಲಿ. ನನ್ನದು 1972ರ ಜಿಟಿ, ಅಂದರೆ ಗಟ್ಟಿ ಛಾವಣಿಯ ಮಾದರಿ. ಅದರ 1798 ಸಿಸಿ ಎಂಜಿನ್ನು ನಮ್ಮ ಅಂಬಾಸಡರಿನಲ್ಲಿದ್ದ 1489 ಸಿಸಿ ಎಂಜಿನ್ನಿನ ದಾಯಾದಿ; ಎರಡೂ ಬ್ರಿಟಿಷ್ ಮೋಟರ್ ಕಾರ್ಪೊರೇಷನ್ನಿನ (ಬಿಎಂಸಿ) ಬಿ ಸರಣಿಗೆ ಸೇರಿದವು. ಮೈಸೂರಿನಲ್ಲಿ ಸೋದರಮಾವನ ಅಂಬಾಸಡರಿನ ಬಾನೆಟ್ಟಿನೊಳಗೆ ತಲೆಯಿಟ್ಟು ಬೆಳೆದವನಾದ್ದರಿಂದ ಈ ಕಾರನ್ನೂ ಬಲ್ಲೆನೆಂಬ ಸಣ್ಣ ಸೊಕ್ಕು ನನಗಿತ್ತು. ಅದಕ್ಕೂ ಈ ಖರ್ಚಿನಲ್ಲಿ ಪಾಲಿದೆ.

ಅಮ್ಮನ ಅನಾರೋಗ್ಯದ ನಿಮಿತ್ತ 14 ತಿಂಗಳು ಊರಿನಲ್ಲಿದ್ದು ಹಿಂದಿರುಗಿದಾಗ, ತೇವದ ಗ್ಯಾರೇಜಿನಲ್ಲಿ ನಿಂತಿದ್ದ ಕಾರಿನ ಕ್ಲಚ್ ಪೆಡಲು ಒತ್ತಿದೊಡನೆ ನೆಲ ಮುಟ್ಟಿತು. ಮನೆಗೇ ಬಂದು ರಿಪೇರಿ ಮಾಡುವ ಮೆಕ್ಯಾನಿಕ್ಕನ್ನು ಕರೆಸಿದೆ. ಪೆಡಲಿನ ಒತ್ತಡವನ್ನು ದ್ರವದ ಮೂಲಕ ಪಡೆದು ಕ್ಲಚ್ಚನ್ನು ತಳ್ಳುವ, ಗೇರ್‌ಬಾಕ್ಸಿನ ಪಕ್ಕದ ಸ್ಲೇವ್ ಸಿಲಿಂಡರಿನ ರಬ್ಬರ್ ಮುಚ್ಚಳಿಕೆಯನ್ನು ಸರಿಸಿದಾಗ ದ್ರವ ತೊಟ್ಟಿಕ್ಕಿತು. ಆತ ಸಿಲಿಂಡರನ್ನು ಬದಲಿಸಿ, ದ್ರವದ ಕೊಳವೆಯಲ್ಲಿ ಸೇರಿದ್ದ ಗಾಳಿ ತೆಗೆದ. ಪೆಡಲು ಕಲ್ಲಿನಂತೆ ಗಟ್ಟಿಯಾಯಿತು. ಆದರೆ ಎಂಜಿನ್ ಓಡುತ್ತಿರುವಾಗ ಯಾವ ಗೇರನ್ನು ಹಾಕಹೋದರೂ ಕರಕರ ಶಬ್ದ. "ಕ್ಲಚ್ ಸರಿಹೋಗಿದೆ, ಗೇರ್‌ಬಾಕ್ಸ್ ಕೆಟ್ಟಿದೆ, ಬೇರೆ ಹಾಕಲು 1100 ಪೌಂಡ್" ಎಂದ ಆತನ ಮಾತಿಗೆ ನಾನು ಬಹುಮಟ್ಟಿಗೆ ಒಪ್ಪಿಯೇಬಿಟ್ಟಿದ್ದೆ.

ಎಂಜಿನ್ ನಿಲ್ಲಿಸಿದಾಗ ನಾಲ್ಕೂ ಗೇರುಗಳು ಬೆಣ್ಣೆಯಂತೆ ಬೀಳುತ್ತಿದ್ದವೆಂಬುದನ್ನು ಆಗ ನಾವಿಬ್ಬರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಒಳಗಿನ ಹಲ್ಲುಗಳನ್ನು ಎಂಜಿನ್ನು ತಿರುಗಿಸುತ್ತಲೇ ಇದೆ, ಅಂದರೆ ಪೆಡಲ್ ಒತ್ತಿದರೂ ಕ್ಲಚ್ಚು ಎಂಜಿನ್ನಿನಿಂದ ಗೇರ್‌ಬಾಕ್ಸನ್ನು ಬಿಡಿಸುತ್ತಿಲ್ಲ ಎಂಬುದಕ್ಕೆ ಅದೇ ಗುರುತು. ಗೇರ್‌ಬಾಕ್ಸಿನ ಮೇಲೆ ಆರೋಪ ಹೊರಿಸುವ ಮೊದಲು ದಯವಿಟ್ಟು ಇದನ್ನು ನೋಡಿ, ಇದಕ್ಕೆ ಖರ್ಚಿಲ್ಲ.

ಕೊಳವೆಯಲ್ಲಿ ಇನ್ನೂ ಗಾಳಿ ಉಳಿದಿರಬೇಕೆಂದು ಊಹಿಸಿದ ನಾನು, ಸ್ಲೇವ್ ಸಿಲಿಂಡರಿನ ಗಾಳಿ ತೆಗೆಯುವ ನಿಪ್ಪಲ್ಲಿನಿಂದ ಮೇಲಕ್ಕೆ ದ್ರವವನ್ನು ತಳ್ಳುವ ಉಪಾಯವನ್ನು ಹಿಡಿದೆ. ಉಪಾಯವೇನೋ ಒಳ್ಳೆಯದೇ, ನಾನು ಬಳಸಿದ ಪಂಪಿನ ಡಬ್ಬಿ ಮಾತ್ರ ಕೆಟ್ಟದ್ದು: ಅದರಲ್ಲಿ ಹಿಂದೆ ಎಂಜಿನ್ ಆಯಿಲ್ ಇತ್ತು. ಬಟ್ಟೆಯಿಂದ ಒರೆಸಿದೆ, ಸಾಕೆಂದುಕೊಂಡೆ. ನಾವು ರೂಢಿಯಲ್ಲಿ 'ಬ್ರೇಕ್ ಆಯಿಲ್' ಎನ್ನುವ ವಸ್ತು ಎಣ್ಣೆಯೇ ಅಲ್ಲ. ಈ ಕ್ಲಚ್ಚಿಗೂ ಹಾಕುವ ಡಾಟ್ 4 ದರ್ಜೆಯ ಆ ದ್ರವ ಗ್ಲೈಕಾಲ್ ಜಾತಿಯದು, ಅದಕ್ಕೆ ಹೊಂದುವ ರಬ್ಬರ್ ಸೀಲುಗಳು ಖನಿಜ ತೈಲ ತಗುಲಿದರೆ ಉಬ್ಬಿಕೊಳ್ಳುತ್ತವೆ. ಒಂದು ಹೆಸರು ಎಷ್ಟು ದಾರಿ ತಪ್ಪಿಸಬಲ್ಲುದು ನೋಡಿ. ನನ್ನ ತಪ್ಪಿನ ಫಲ ಕಾಣಿಸಿಕೊಂಡದ್ದು ಕೆಲವು ವಾರಗಳ ನಂತರ.

ಮೊದಲ ದಿನವೇ ಮಾಡಬೇಕಾಗಿದ್ದ ಕೆಲಸವನ್ನು ಮೂರನೆಯ ವಾರ ಮಾಡಿದೆ. ಕಾರನ್ನು ಸ್ಟ್ಯಾಂಡುಗಳ ಮೇಲೆ ಭದ್ರವಾಗಿ ನಿಲ್ಲಿಸಿ, ಹೆಂಡತಿಗೆ ಪೆಡಲನ್ನು ಪೂರ್ತಿ ಒತ್ತಲು ಹೇಳಿ, ಅಡಿಯಲ್ಲಿ ಮಲಗಿ, ಸ್ಲೇವ್ ಸಿಲಿಂಡರಿನ ದಂಡ ಎಷ್ಟು ಚಲಿಸುತ್ತದೆಂದು ಉಕ್ಕಿನ ಸ್ಕೇಲಿನಿಂದ ಅಳೆದೆ. ಈ ಕಾರಿನಲ್ಲಿ ಅದು ಸುಮಾರು ಅರ್ಧ ಇಂಚು, ಅಂದರೆ 12 ಮಿಲಿಮೀಟರಿನಷ್ಟು ಚಲಿಸಬೇಕು. ಪೆಡಲ್ ಒತ್ತಿದಾಗ ದ್ರವವನ್ನು ಕೆಳಕ್ಕೆ ತಳ್ಳುವ ಮೇಲಿನ ಮಾಸ್ಟರ್ ಸಿಲಿಂಡರಿನ ಒಳವ್ಯಾಸ ಮುಕ್ಕಾಲು ಇಂಚು, ಕೆಳಗಿನದು ಒಂದೂಕಾಲು ಇಂಚು. ಆದ್ದರಿಂದ ಮೇಲೆ ಸುಮಾರು 33 ಮಿಲಿಮೀಟರ್ ತಳ್ಳಿದರೆ ಕೆಳಗೆ ಸಿಗುವುದು ಬರೀ 12. ಇಷ್ಟು ಬಿಗಿಯಾದ ಲೆಕ್ಕದಲ್ಲಿ ಒಂದು ಘನ ಸೆಂಟಿಮೀಟರ್ ಗಾಳಿ ಉಳಿದರೂ ಕೆಳಗೆ ಒಂದು ಮಿಲಿಮೀಟರಿಗಿಂತ ಹೆಚ್ಚು ನಷ್ಟವಾಗುತ್ತದೆ. ಪೆಡಲಿಗೆ ದಂಡವನ್ನು ಜೋಡಿಸುವ ಕ್ಲೆವಿಸ್ ಪಿನ್ನು ಸವೆದು, ಅದರ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗಿದ್ದರಂತೂ ಒತ್ತಿದ್ದರಲ್ಲಿ ಒಂದಷ್ಟು ಅಲ್ಲಿಯೇ ಇಂಗಿಹೋಗುತ್ತದೆ. ನನ್ನ ಅಳತೆಯಲ್ಲಿ ಬಂದದ್ದು ಸರಿಯಾಗಿ 12. ಹೈಡ್ರಾಲಿಕ್ಸ್, ಅಂದರೆ ದ್ರವದ ವ್ಯವಸ್ಥೆ, ತನ್ನ ಕೆಲಸವನ್ನು ಪೂರ್ತಿಯಾಗಿ ಮಾಡುತ್ತಿತ್ತು. ಹಾಗಾದರೆ ಉಳಿದದ್ದು ಒಂದೇ: ತೇವದಲ್ಲಿ ನಿಂತು ನಿಂತು ಕ್ಲಚ್ ಪ್ಲೇಟು ತುಕ್ಕಿನಿಂದ ಫ್ಲೈವೀಲಿಗೆ, ಅಂದರೆ ಎಂಜಿನ್ನಿನ ಜೊತೆ ತಿರುಗುವ ಭಾರದ ಚಕ್ರಕ್ಕೆ, ಅಂಟಿಕೊಂಡಿತ್ತು. ಸೋರುತ್ತಿದ್ದ ಸಿಲಿಂಡರು ಕಣ್ಣಿಗೆ ಬಿದ್ದಿದ್ದರಿಂದ ಇದನ್ನು ಯಾರೂ ಹುಡುಕಿರಲಿಲ್ಲ.

ಎಂಜಿಬಿಯಲ್ಲಿ ಕ್ಲಚ್ ಪ್ಲೇಟನ್ನು ಮುಟ್ಟಬೇಕಾದರೆ ಎಂಜಿನ್ನನ್ನೇ ಎತ್ತಿ ಹೊರಗಿಡಬೇಕು. ಹಾಗಾಗಿ ಎಲ್ಲರೂ ಮೊದಲು ಪ್ರಯತ್ನಿಸುವುದು ಅಡ್ಡದಾರಿಯನ್ನು: ಪೆಡಲ್ ಒತ್ತಿ ಹಿಡಿದು, ಗೇರಿನಲ್ಲಿಯೇ ಸ್ಟಾರ್ಟ್ ಮಾಡಿ, ಆ ಜಗ್ಗಾಟಕ್ಕೆ ಪ್ಲೇಟು ಬಿಡಲಿ ಎನ್ನುವುದು. ನಾನು ಅದನ್ನು ಗ್ಯಾರೇಜಿನೊಳಗೇ ಮಾಡಿದೆ. ಎದುರಿನ ಕಬ್ಬಿಣದ ಕಪಾಟಿಗೂ ಬಂಪರಿಗೂ ನಡುವೆ ಎರಡಡಿ ಜಾಗವಿತ್ತು, ಎಂಜಿನ್ನು ಅದಾಗಲೇ ಬಿಸಿಯಾಗಿತ್ತು. ಕ್ಲಚ್ ಒತ್ತದಿದ್ದರೆ ಸ್ಟಾರ್ಟ್ ಆಗದಂತೆ ತಡೆಯುವ ಇಂದಿನ ಕಾರುಗಳ ವ್ಯವಸ್ಥೆ ಇದರಲ್ಲಿಲ್ಲ. ಇದ್ದಿದ್ದರೂ ಪ್ರಯೋಜನವಿರಲಿಲ್ಲವೆನ್ನಿ, ಏಕೆಂದರೆ ನಾನು ಕ್ಲಚ್ಚನ್ನು ಒತ್ತಿಯೇ ಇದ್ದೆ. ಕೀಲಿ ತಿರುಗಿಸಿದ ಕ್ಷಣವೇ ಕಾರು ಮುನ್ನುಗ್ಗಿತು, ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲಿ ಎಡಗಡೆಯ ಹೆಡ್‌ಲೈಟು ಕಪಾಟಿನ ಮೂಲೆಗೆ ಬಡಿದು ಪುಡಿಯಾಗಿತ್ತು. ಐದು ನಿಮಿಷ ಮುಂಚೆ ಆ ಕಪಾಟಿನ ಮುಂದೆ ನನ್ನ ಮಗಳು ಸೈಕಲ್ಲಿನ ಪಂಪು ಹುಡುಕುತ್ತ ನಿಂತಿದ್ದಳು.

ಕೊನೆಗೆ ಪ್ಲೇಟು ಬಿಟ್ಟದ್ದು ಪರಿಚಿತರೊಬ್ಬರ ಹೊಲದ ಪಕ್ಕದ ವಿಶಾಲ ಅಂಗಳದಲ್ಲಿ. ಕಾರನ್ನು ಅಲ್ಲಿಗೆ ಟ್ರೈಲರಿನಲ್ಲಿ ಒಯ್ದು, ಎದುರಿಗೆ ಏನೂ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ಎಂಜಿನ್ನನ್ನು ಚೆನ್ನಾಗಿ ಬಿಸಿ ಮಾಡಿ ನಿಲ್ಲಿಸಿ, ಎರಡನೆಯ ಗೇರಿನಲ್ಲಿ ಸ್ಟಾರ್ಟ್ ಮಾಡಿ, ಕ್ಲಚ್ ಒತ್ತಿಯೇ ಹಿಡಿದು ಆಕ್ಸಿಲರೇಟರನ್ನು ಒತ್ತುತ್ತ ಬಿಡುತ್ತ ಸುತ್ತು ಹೊಡೆದೆ. ನಾಲ್ಕನೆಯ ಸುತ್ತಿನಲ್ಲಿ 'ಟಪ್' ಎಂಬ ಸದ್ದಿನೊಂದಿಗೆ ಎಂಜಿನ್ನು ಹಗುರಾಯಿತು. ಹಿಂದಿನ ಚಕ್ರಗಳನ್ನು ಸ್ಟ್ಯಾಂಡಿನ ಮೇಲೆತ್ತಿ ಇದನ್ನೇ ಮಾಡಿ ಎಂದು ಹಲವರು ಸಲಹೆ ಕೊಟ್ಟಿದ್ದರು. ಚಕ್ರಗಳು ವೇಗವಾಗಿ ತಿರುಗುತ್ತಿರುವಾಗ ಬ್ರೇಕ್ ಒತ್ತಿದರೆ ಆ ಹೊಡೆತಕ್ಕೆ ಕಾರು ಸ್ಟ್ಯಾಂಡಿನಿಂದ ಜಾರಬಹುದು, ಆದ್ದರಿಂದ ನಾನದನ್ನು ಯಾರಿಗೂ ಹೇಳಲಾರೆ.

ಎರಡು ವಾರ ಸುಖವಾಗಿ ಓಡಿಸಿದೆ. ಆಮೇಲೆ ಒಂದು ಏರಿನಲ್ಲಿ ಎಂಜಿನ್ನಿನ ಸದ್ದು ಏರಿದರೂ ವೇಗ ಏರಲಿಲ್ಲ, ಕ್ಲಚ್ಚು ಜಾರುತ್ತಿತ್ತು. ಎಂಜಿನ್ ಆಯಿಲಿನ ಅಂಶದಿಂದ ಉಬ್ಬಿದ ಮಾಸ್ಟರ್ ಸಿಲಿಂಡರಿನ ಸೀಲು ದ್ರವ ಮರಳುವ ಸಣ್ಣ ರಂಧ್ರವನ್ನು ಮುಚ್ಚಿ, ಕಾಲು ತೆಗೆದ ಮೇಲೂ ಒತ್ತಡವನ್ನು ಒಳಗೇ ಹಿಡಿದಿಟ್ಟುಕೊಂಡಿತ್ತು. ಮಾಸ್ಟರ್ ಸಿಲಿಂಡರು, ಹೊಸದಾಗಿ ಹಾಕಿಸಿದ್ದ ಸ್ಲೇವ್ ಸಿಲಿಂಡರು, ರಬ್ಬರ್ ಹೋಸು ಮೂರನ್ನೂ ಎಸೆದು, ಲೋಹದ ಕೊಳವೆಯನ್ನು ತೊಳೆದು ಎಲ್ಲವನ್ನೂ ಮತ್ತೆ ಜೋಡಿಸಿದೆ. ಬ್ರೇಕಿಗೆ ಬೇರೆಯೇ ದ್ರವದ ಪಾತ್ರೆ ಇದ್ದದ್ದರಿಂದ ಬ್ರೇಕುಗಳು ಉಳಿದವು.

ಕೊಳ್ಳುವವರಿಗೆ ಇನ್ನೊಂದು ಮಾತು. ಬ್ರಿಟನ್ನಿನಲ್ಲಿ 40 ವರ್ಷ ದಾಟಿದ, ಹೆಚ್ಚು ಮಾರ್ಪಾಡಾಗದ ಕಾರುಗಳಿಗೆ 2018ರಿಂದ ವಾರ್ಷಿಕ ಎಂಒಟಿ ತಪಾಸಣೆ ಕಡ್ಡಾಯವಲ್ಲ. ಮಾರುವವರು ಅದನ್ನೊಂದು ಸೌಕರ್ಯವೆಂಬಂತೆ ಹೇಳುತ್ತಾರೆ, ಆದರೆ ಅಂಥ ಕಾರಿನ ಅಡಿಯನ್ನು ವರ್ಷಗಳಿಂದ ಯಾರೂ ನೋಡದೆಯೇ ಇರಬಹುದು. ಎಂಜಿನ್ ಓಡುತ್ತಿರುವಾಗ ರಿವರ್ಸ್ ಗೇರನ್ನು ನೀವೇ ಹಾಕಿ ಕರಕರ ಸದ್ದು ಬರುತ್ತದೆಯೇ ನೋಡಿ, ದಂಡದ ಚಲನೆ ಅಳೆಯಲು ಸ್ಕೇಲನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ.

ಈ ಚಳಿಗಾಲಕ್ಕೆ ಕಾರನ್ನು ನಿಲ್ಲಿಸುವಾಗ, ಪ್ಲೇಟು ಮತ್ತೆ ಅಂಟದಿರಲೆಂದು, ಸೀಟಿಗೂ ಕ್ಲಚ್ ಪೆಡಲಿಗೂ ನಡುವೆ ಒಂದು ಮರದ ತುಂಡನ್ನು ಸಿಕ್ಕಿಸಿ ಪೆಡಲನ್ನು ಒತ್ತಿಟ್ಟಿದ್ದೇನೆ. ಕಪಾಟನ್ನು ಎದುರಿನ ಗೋಡೆಯಿಂದ ಪಕ್ಕದ ಗೋಡೆಗೆ ಸರಿಸಿದ್ದಾಗಿದೆ.